ಮಣೆ ಅಂಗೈಗೆ ಬಂದಾಗ

(ಮಕ್ಕಳ ಬೇಸಿಗೆ ಶಿಬಿರವೊಂದರ ಸಮಾರೋಪದಲ್ಲಿ ಪೋಷಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಮಕ್ಕಳ ಕೈಯಲ್ಲಿರುವ ಮೊಬೈಲ್ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘಟಕರು ನನಗೆ ಹೇಳಿದ್ದಾರೆ. ಈ ವಿಷಯದಲ್ಲಿ ಉಪದೇಶ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿರಬೇಕು. ಮಕ್ಕಳಿಗಂತೂ ಇನ್ನೂ ಸಾಕಾಗಿರಬೇಕು. ಮೇಲಾಗಿ ನಾನು ಮನಶ್ಶಾಸ್ತ್ರಜ್ಞನೂ ಅಲ್ಲ, ಮೇಷ್ಟರೂ ಅಲ್ಲ, ಪತ್ರಿಕೆಯ ವರದಿಗಾರ. ಆದ್ದರಿಂದ ಉಪದೇಶ ಬಿಟ್ಟು ಒಂದು ಕಥೆ ಹೇಳುತ್ತೇನೆ. ಮನೆಮಂದಿಯೆಲ್ಲ ಸುತ್ತ ಕುಳಿತು ಆಡುತ್ತಿದ್ದ ಮಣೆಯಾಟಗಳು ಅಂಗೈಯಗಲದ ಯಂತ್ರದೊಳಗೆ ಹೋಗಿ ಸೇರಿದ ಕಥೆ. ಇದು ಮೊಬೈಲಿಗಿಂತ ಹಳೆಯದು. ಹೆಚ್ಚಿನ ಭಾಗ ನಡೆದದ್ದು ಅಮೆರಿಕ ಮತ್ತು ಜಪಾನ್‌ಗಳಲ್ಲಿ. ಆದರೆ ನಡುವೆ ಒಂದು ಕಡೆ ನಮ್ಮ ಹಾವು ಏಣಿಯೂ ಬರುತ್ತದೆ.

ಮಣೆಯಾಟ ಯಂತ್ರದೊಳಗೆ ಹೋದಾಗ ಅದರಲ್ಲಿ ಏನು ಉಳಿಯಿತು, ಏನು ಹೊರಗೇ ಉಳಿದುಹೋಯಿತು ಎಂಬುದೇ ಇಂದಿನ ನನ್ನ ಪ್ರಶ್ನೆ.

ಸೈನಿಕನ ಜೇಬಿನಲ್ಲಿ

ಆಟವನ್ನು ಚಿಕ್ಕದು ಮಾಡಿ ಜೇಬಿಗೆ ಹಾಕಿಕೊಳ್ಳುವ ಆಸೆ ವಿದ್ಯುತ್ತಿಗಿಂತ ಹಿಂದಿನದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಮಿಲ್ಟನ್ ಬ್ರಾಡ್ಲಿ ಎಂಬ ಕಲ್ಲಚ್ಚು ಮುದ್ರಕನಿದ್ದ. 1860ರಲ್ಲಿ ಆತ ಅಬ್ರಹಾಂ ಲಿಂಕನ್ನರ ಚಿತ್ರ ಅಚ್ಚು ಹಾಕಿ ಮಾರುತ್ತಿದ್ದ. ಚಿತ್ರದಲ್ಲಿ ಲಿಂಕನ್ನರಿಗೆ ಗಡ್ಡವಿರಲಿಲ್ಲ. ಅಷ್ಟರಲ್ಲಿ ಲಿಂಕನ್ ಗಡ್ಡ ಬಿಟ್ಟರು! ಚಿತ್ರ ಕೊಳ್ಳುವವರೇ ಇಲ್ಲದಂತಾಯಿತು. ಅದೇ ವರ್ಷ ಬ್ರಾಡ್ಲಿ, ಬಾಲ್ಯದಿಂದ ಮುಪ್ಪಿನವರೆಗಿನ ಬದುಕನ್ನು ಚೌಕದ ಮನೆಗಳಲ್ಲಿ ನಡೆಸಿಕೊಂಡು ಹೋಗುವ ಒಂದು ಮಣೆಯಾಟವನ್ನು ಹೊರತಂದ. ಅದು ಅವನ ಕೈಹಿಡಿಯಿತು.

ಮರುವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಶಿಬಿರಗಳಲ್ಲಿ ಬೇಸರದಿಂದ ಕಾಲ ಕಳೆಯುತ್ತಿದ್ದ ಸೈನಿಕರಿಗೆಂದು ಬ್ರಾಡ್ಲಿ ಚದುರಂಗ, ಚೆಕರ್ಸ್, ಬ್ಯಾಕ್‌ಗ್ಯಾಮನ್ ಮತ್ತು ತನ್ನ ಹೊಸ ಆಟವನ್ನು ಸೇರಿಸಿ ಒಂದು ಪುಟ್ಟ ಕಟ್ಟು ಮಾಡಿದ. ಗಮನಿಸಿ, ಇಲ್ಲಿ ಚಿಕ್ಕದಾದದ್ದು ಮಣೆ ಮತ್ತು ಕಾಯಿ ಮಾತ್ರ. ಆಡಲು ಎದುರಿಗೆ ಇನ್ನೊಬ್ಬ ಸೈನಿಕ ಬೇಕೇ ಬೇಕಿತ್ತು. ಜಗಳವಾದರೆ ಇಬ್ಬರೂ ಸೇರಿ ಬಗೆಹರಿಸಿಕೊಳ್ಳಬೇಕಿತ್ತು.

ಇನ್ನೂರ ಐವತ್ತಾರು ಚುಕ್ಕೆಗಳು

ಒಂದು ಶತಮಾನ ದಾಟಿ ಬರೋಣ. 1970ರ ದಶಕದಲ್ಲಿ ಗಣಕದ ಮಿದುಳಾದ ಚಿಪ್ ಅಗ್ಗವಾಯಿತು. ಆಟಿಕೆಯೊಳಗೂ ಅದನ್ನು ಇಡಬಹುದಾಯಿತು. ಮಿಲ್ಟನ್ ಬ್ರಾಡ್ಲಿಯ ಹೆಸರಿನ ಕಂಪನಿ 1977ರಲ್ಲಿ, ಎದುರಾಳಿಯ ಹಡಗನ್ನು ಹುಡುಕಿ ಮುಳುಗಿಸುವ 'ಬ್ಯಾಟಲ್‌ಶಿಪ್' ಆಟಕ್ಕೆ ಚಿಪ್ ಜೋಡಿಸಿತು. ಅದರ ಪ್ರತಿಸ್ಪರ್ಧಿ ಪಾರ್ಕರ್ ಬ್ರದರ್ಸ್ 1978ರಲ್ಲಿ 'ಮರ್ಲಿನ್' ಎಂಬ ಕೈಯಂತ್ರವನ್ನು ತಂದಿತು. ಉದ್ದನೆಯ ಟೆಲಿಫೋನ್ ರಿಸೀವರಿನಂತಿದ್ದ ಅದರಲ್ಲಿ ಆರು ಆಟಗಳು. ಸೊನ್ನೆ-ಕತ್ತರಿ ಆಟವೂ ಒಂದು. ಒಬ್ಬನೇ ಕುಳಿತು ಯಂತ್ರದ ಜೊತೆ ಆಡಬಹುದಿತ್ತು.

1979ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ 'ಮೈಕ್ರೋವಿಷನ್' ಹೊರತಂದಿತು. ಜೇ ಸ್ಮಿತ್ ಎಂಬಾತ ರೂಪಿಸಿದ ಈ ಯಂತ್ರದಲ್ಲಿ ಕ್ಯಾಸೆಟ್ ಬದಲಾಯಿಸಿದಂತೆ ಕಾರ್ಟ್ರಿಜ್ ಬದಲಾಯಿಸಿ ಬೇರೆ ಬೇರೆ ಆಟ ಆಡಬಹುದಿತ್ತು. ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಇಂಥದ್ದು ಇದೇ ಮೊದಲು. ಪರದೆಯಲ್ಲಿದ್ದದ್ದು ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಚುಕ್ಕೆ. ಅಷ್ಟರಲ್ಲೇ ಕಂಪನಿ ತನ್ನ 'ಕನೆಕ್ಟ್ ಫೋರ್' ಆಟವನ್ನು ಕೂರಿಸಿತು. ನಾಲ್ಕು ಬಿಲ್ಲೆಗಳನ್ನು ಒಂದೇ ಸಾಲಿಗೆ ತರುವ ಈ ಆಟಕ್ಕೆ ಬೇಕಾದದ್ದು ಏಳು ಕಂಬಸಾಲು, ಆರು ಅಡ್ಡಸಾಲು, 42 ಮನೆ. 256 ಚುಕ್ಕೆಯಲ್ಲಿ 42 ಮನೆ ಹಿಡಿಸುತ್ತವೆ. ಆದರೆ ನೂರಾರು ಮನೆಗಳ ಆಟವೋ, ಮನೆಮನೆಗೂ ಒಂದು ಹೆಸರಿರುವ ಆಟವೋ ಅಲ್ಲಿ ಹಿಡಿಸುವಂತಿರಲಿಲ್ಲ. ಅದಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

ಬಣ್ಣವಿಲ್ಲದ ಪಟ

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಗೇಮ್ ಬಾಯ್' ತಂದಿತು. ನಾಲ್ಕು ಪೆನ್ಸಿಲ್ ಸೆಲ್, 160 ಅಡ್ಡ 144 ಚುಕ್ಕೆಗಳ ಪರದೆ, ಹಸಿರು ಬೆರೆತ ಬೂದಿಯ ನಾಲ್ಕು ಛಾಯೆ. ಇದೂ ಇದರ ಬಣ್ಣದ ತಮ್ಮನೂ ಸೇರಿ ಜಗತ್ತಿನಾದ್ಯಂತ 11 ಕೋಟಿಗೂ ಹೆಚ್ಚು ಮಾರಾಟವಾದವು. 1991ರಲ್ಲಿ ಈ ಯಂತ್ರಕ್ಕೆ 'ಮೊನಾಪಲಿ' ಬಂತು. ಪದ ಕಟ್ಟುವ 'ಸ್ಕ್ರ್ಯಾಬಲ್' ಕೂಡ 'ಸೂಪರ್ ಸ್ಕ್ರ್ಯಾಬಲ್' ಎಂಬ ಹೆಸರಿನಲ್ಲಿ ಬಂತು.

ಇಷ್ಟು ಚಿಕ್ಕ ಪರದೆಯಲ್ಲಿ ದೊಡ್ಡ ಪಟ ಹಿಡಿಸುವುದು ಹೇಗೆ? ಸಣ್ಣ ಲೆಕ್ಕ ಹಾಕಿ ನೋಡೋಣ. ಸ್ಕ್ರ್ಯಾಬಲ್ ಪಟದಲ್ಲಿ 15ಕ್ಕೆ 15, ಅಂದರೆ 225 ಮನೆ. ಗೇಮ್ ಬಾಯ್ ಯಂತ್ರ ಚಿತ್ರ ಕಟ್ಟುವುದು 8 ಚುಕ್ಕೆ ಅಗಲ, 8 ಚುಕ್ಕೆ ಉದ್ದದ ತುಂಡುಗಳಿಂದ. ಒಂದು ಅಕ್ಷರಕ್ಕೆ ಒಂದು ತುಂಡಾದರೆ 15 ಮನೆಗೆ 120 ಚುಕ್ಕೆ. 144ರೊಳಗೆ ಅದು ಕೂರುತ್ತದೆ. ಆದರೆ ಅಸಲು ಬಿಲ್ಲೆಯ ಮೂಲೆಯಲ್ಲಿ ಬರೆದಿರುವ ಅಂಕ? ಎರಡು ಪಟ್ಟು, ಮೂರು ಪಟ್ಟು ಅಂಕ ಕೊಡುವ ಮನೆಗಳ ಕೆಂಪು, ನೀಲಿ ಬಣ್ಣ? ಅದಕ್ಕೆ ಜಾಗವೂ ಇಲ್ಲ, ಬಣ್ಣವೂ ಇಲ್ಲ. ಮೊನಾಪಲಿಯ ಪಾಡು ಇನ್ನೂ ಕಷ್ಟದ್ದು. ಒಂದೇ ಬಣ್ಣದ ಬೀದಿಗಳನ್ನೆಲ್ಲ ಕೊಂಡು ಮನೆ ಕಟ್ಟುವುದೇ ಆ ಆಟದ ಗುಟ್ಟು. ನಮ್ಮಲ್ಲಿ 'ಬಿಸಿನೆಸ್', 'ವ್ಯಾಪಾರಿ' ಎಂಬ ಹೆಸರಿನಲ್ಲಿ ಮಾರುವ ಪಟಗಳೂ ಇದೇ ಜಾತಿಯವು. ಬಣ್ಣವೇ ಇಲ್ಲದ ಪರದೆಯಲ್ಲಿ ಆ ಲೆಕ್ಕವನ್ನು ಕಣ್ಣಿನಿಂದ ನೋಡುವಂತಿಲ್ಲ, ಹೆಸರು ಓದಿ ನೆನಪಿಡಬೇಕು.

ಮುಂದೆ ಪರದೆಗೆ ಬಣ್ಣವೂ ಬಂತು, ಜಾಗವೂ ಬಂತು. ಹಾಗಾಗಿ ಇದು ತಾತ್ಕಾಲಿಕ ನಷ್ಟ. ಬಣ್ಣ ಬಂದ ಮೇಲೂ ಹಿಂದಿರುಗದ ಇನ್ನೊಂದು ನಷ್ಟವಿದೆ. ಈಗ ಅದರ ಮಾತು.

ನಿಯಮ ಯಾರ ಕೈಯಲ್ಲಿ?

ಮೊನಾಪಲಿಯ ಮುದ್ರಿತ ನಿಯಮದ ಪ್ರಕಾರ, ಬೀದಿಯೊಂದರ ಮೇಲೆ ಬಂದು ನಿಂತ ಆಟಗಾರ ಅದನ್ನು ಕೊಳ್ಳದಿದ್ದರೆ ಬ್ಯಾಂಕು ಅದನ್ನು ಕೂಡಲೇ ಹರಾಜು ಹಾಕಬೇಕು. ಎಷ್ಟು ಮನೆಗಳಲ್ಲಿ ಹಾಗೆ ಆಡುತ್ತಾರೆ? ಬಹುಪಾಲು ಮನೆಗಳಲ್ಲಿ ಹರಾಜೇ ಇಲ್ಲ. ಹಾಗೆಯೇ 'ಫ್ರೀ ಪಾರ್ಕಿಂಗ್' ಎಂಬ ಮನೆ. ದಂಡದ ಹಣವನ್ನೆಲ್ಲ ಪಟದ ನಡುವೆ ಗುಡ್ಡೆ ಹಾಕಿ, ಆ ಮನೆಗೆ ಬಂದವನಿಗೆ ಕೊಡುವ ಪದ್ಧತಿ ಅಮೆರಿಕದ ಮನೆಮನೆಯಲ್ಲೂ ಇದೆ. ಮುದ್ರಿತ ನಿಯಮದಲ್ಲಿ ಅದು ಇಲ್ಲವೇ ಇಲ್ಲ. ಹೀಗೆ ಪುಕ್ಕಟೆ ಹಣ ಬಂದರೆ ದಿವಾಳಿಯಾಗಬೇಕಾದವನು ಮತ್ತೆ ಚೇತರಿಸಿಕೊಳ್ಳುತ್ತಾನೆ. ಆಟ ರಾತ್ರಿಯವರೆಗೂ ಎಳೆಯುತ್ತದೆ. ಆದರೂ ಜನ ಬಿಡುವುದಿಲ್ಲ. ಯಾಕೆಂದರೆ ಸೋಲುತ್ತಿರುವ ತಂಗಿಗೆ ಇನ್ನೊಂದು ಅವಕಾಶ ಸಿಗಲಿ ಎಂಬ ಆಸೆ ಮನೆಯವರಿಗಿರುತ್ತದೆ.

ಯಂತ್ರಕ್ಕೆ ತಂಗಿ ಯಾರೆಂದು ಗೊತ್ತಿಲ್ಲ. ಅಲ್ಲಿ ಬ್ಯಾಂಕು ಯಂತ್ರದ್ದು, ಲೆಕ್ಕ ಯಂತ್ರದ್ದು, ತೀರ್ಪೂ ಯಂತ್ರದ್ದು. ಬಾಡಿಗೆ ಕೇಳಲು ಮರೆತರೆ ಹೋಯಿತು ಎಂಬ ತಮಾಷೆಯೂ ಇಲ್ಲ. ಅದು ಮರೆಯುವುದೇ ಇಲ್ಲ. ಕೆಲವು ಆವೃತ್ತಿಗಳಲ್ಲಿ ಒಂದೆರಡು ನಿಯಮ ಬದಲಿಸಲು ಅವಕಾಶ ಕೊಟ್ಟಿರುತ್ತಾರೆ. ಆದರೆ ಏನನ್ನು ಬದಲಿಸಬಹುದೆಂಬ ಪಟ್ಟಿ ಮಾಡಿದವನೂ ತಯಾರಕನೇ. ಪಟ್ಟಿಯಲ್ಲಿ ಇಲ್ಲದ್ದನ್ನು ಮನೆಯವರೆಲ್ಲ ಒಪ್ಪಿದರೂ ಆಡುವಂತಿಲ್ಲ.

ಇದರಿಂದ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಅದಕ್ಕೆ ಮೊನಾಪಲಿಯ ಜನ್ಮವೃತ್ತಾಂತವೇ ಉತ್ತರ.

ಭೂಮಿ ಕೆಲವರ ಕೈಯಲ್ಲೇ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸಲು ಲಿಜಿ ಮ್ಯಾಗಿ ಎಂಬ ಮಹಿಳೆ ಒಂದು ಆಟ ಕಟ್ಟಿದರು. 1904ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 'ಜಮೀನ್ದಾರನ ಆಟ' ಎಂದು ಅದರ ಹೆಸರು. ಜನ ಅದನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಹೆಚ್ಚಾಗಿ ಕೈಯಲ್ಲೇ ನಕಲು ಮಾಡಿಕೊಂಡರು. ಬಟ್ಟೆಯ ಮೇಲೆ, ರಟ್ಟಿನ ಮೇಲೆ ಪಟ ಬರೆದುಕೊಂಡು, ತಮ್ಮ ತಮ್ಮ ಊರಿನ ಬೀದಿಗಳ ಹೆಸರು ಹಾಕಿಕೊಂಡರು. ತಮಗೆ ಬೇಕಾದಂತೆ ನಿಯಮ ತಿದ್ದಿದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮ ಊರಿನ ಬೀದಿಗಳನ್ನು ಹಾಕಿದ ಪಟವೇ ಕೊನೆಗೆ ಚಾರ್ಲ್ಸ್ ಡ್ಯಾರೋ ಎಂಬಾತನ ಕೈಸೇರಿತು. ಆತ ಅದನ್ನು 1935ರಲ್ಲಿ ಪಾರ್ಕರ್ ಬ್ರದರ್ಸ್‌ಗೆ ತನ್ನದೆಂದು ಮಾರಿದ. ಕಂಪನಿ ಮ್ಯಾಗಿಯವರಿಂದ ಪೇಟೆಂಟ್ ಹಕ್ಕು ಕೊಂಡದ್ದು 500 ಡಾಲರಿಗೆ. ಕೈಬರಹದ ಆ ಪರಂಪರೆಯ ಗುರುತು ಇಂದಿಗೂ ಉಳಿದಿದೆ. 'ಮಾರ್ವೆನ್ ಗಾರ್ಡನ್ಸ್' ಎಂಬ ಬಡಾವಣೆಯ ಹೆಸರು ನಕಲಿನಲ್ಲಿ 'ಮಾರ್ವಿನ್' ಎಂದಾಗಿ, ಅಚ್ಚಾದ ಪಟದಲ್ಲೂ ಹಾಗೇ ನಿಂತಿತು.

ಅಂದರೆ, ಜಗತ್ತಿನ ಅತಿ ಹೆಸರುವಾಸಿ ಮಣೆಯಾಟಗಳಲ್ಲೊಂದು ಹುಟ್ಟಿದ್ದೇ ಮನೆಮನೆಗಳಲ್ಲಿ ಜನ ನಿಯಮ ತಿದ್ದಿದ್ದರಿಂದ. ಮ್ಯಾಗಿಯವರ ಆಟ ಕಾಗದದ ಮೇಲಿರದೆ ಕಾರ್ಟ್ರಿಜ್ ಒಳಗೆ ಮುಚ್ಚಿಕೊಂಡಿದ್ದರೆ ಮೊನಾಪಲಿ ಹುಟ್ಟುತ್ತಲೇ ಇರಲಿಲ್ಲ!

ಸುಳ್ಳು ಪದ, ಕಾಣದ ದಾಳ

ಸ್ಕ್ರ್ಯಾಬಲ್ ಕಡೆ ಒಮ್ಮೆ ತಿರುಗೋಣ. ಅದನ್ನು ಕಟ್ಟಿದವರು ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು, ಪತ್ರಿಕೆಯ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಬಿಲ್ಲೆಗಳ ಸಂಖ್ಯೆ ನಿರ್ಧರಿಸಿದರು. ಪತ್ರಿಕೆಯವನಾದ ನನಗೆ ಈ ಸಂಗತಿ ಇಷ್ಟ! ಪಟದ ಆಟದಲ್ಲಿ ಒಂದು ಸೊಗಸಿದೆ. ನಿಘಂಟಿನಲ್ಲಿ ಇಲ್ಲದ ಪದವನ್ನೂ ಧೈರ್ಯವಾಗಿ ಇಡಬಹುದು. ಎದುರಾಳಿ ಪ್ರಶ್ನಿಸಿದರೆ ಮಾತ್ರ ನಿಘಂಟು ತೆಗೆಯಬೇಕು. ಪ್ರಶ್ನಿಸದಿದ್ದರೆ ಅಂಕ ನಿಮ್ಮದು. ಇಲ್ಲಿ ಪದಜ್ಞಾನದಷ್ಟೇ ಮುಖ ಓದುವ ಜ್ಞಾನವೂ ಬೇಕು. ನಿಘಂಟು ಯಂತ್ರದೊಳಗೇ ಕುಳಿತು ತಪ್ಪು ಪದವನ್ನು ಅಲ್ಲಲ್ಲೇ ತಳ್ಳಿಹಾಕಿದರೆ ಈ ಪಂದ್ಯವೇ ಇರುವುದಿಲ್ಲ. ಆಟ ಶುದ್ಧವಾಗುತ್ತದೆ, ನಿಜ. ಆದರೆ ಎದುರಿಗಿರುವವರ ಮುಖ ನೋಡುವ ಅಗತ್ಯವೇ ಉಳಿಯುವುದಿಲ್ಲ.

ಇನ್ನು ದಾಳ. ಯಂತ್ರದೊಳಗೆ ದಾಳವಿಲ್ಲ, ಲೆಕ್ಕವಿದೆ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಯನ್ನು ಹುಟ್ಟಿಸುವ ಸೂತ್ರ ಅದು. ಮೊದಲ ಸಂಖ್ಯೆ ಒಂದೇ ಆದರೆ ಪ್ರತಿ ಆಟದಲ್ಲೂ ಗರಗಳು ಅದೇ ಕ್ರಮದಲ್ಲಿ ಬೀಳುತ್ತವೆ. ಹಾಗಾಗದಿರಲೆಂದು, ನೀವು ಗುಂಡಿ ಒತ್ತಿದ ಗಳಿಗೆಯಲ್ಲಿ ಯಂತ್ರದೊಳಗಿನ ಗಡಿಯಾರ ಯಾವ ಸಂಖ್ಯೆಯಲ್ಲಿತ್ತೋ ಅದನ್ನೇ ಬೀಜವಾಗಿ ತೆಗೆದುಕೊಳ್ಳುವುದು ಒಂದು ಉಪಾಯ. ಸೂತ್ರ ಸರಿಯಾಗಿದ್ದರೆ ಫಲ ಮರದ ದಾಳಕ್ಕಿಂತ ಕಡಿಮೆಯೇನಲ್ಲ.

ಆದರೂ 'ಯಂತ್ರ ಮೋಸ ಮಾಡುತ್ತಿದೆ' ಎಂಬ ಗುಮಾನಿ ಎಲ್ಲ ಕಡೆ ಕೇಳುತ್ತದೆ. ಎದುರಾಳಿಗೆ ಸತತ ಮೂರು ಆರು ಬಿದ್ದರೆ ನಾವು ಸಿಟ್ಟಾಗುತ್ತೇವೆ. ಅದರ ಸಾಧ್ಯತೆ 216ಕ್ಕೆ ಒಂದು. ಲಕ್ಷಾಂತರ ಜನ ಆಡುವಾಗ ಅದು ದಿನವೂ ಯಾರಿಗಾದರೂ ಬಿದ್ದೇ ಬೀಳುತ್ತದೆ. ಮಣೆಯ ಮುಂದೆ ಇಂಥ ಗುಮಾನಿಗೆ ಮದ್ದಿದೆ: ದಾಳ ಬದಲಿಸು, ಬಟ್ಟಲಲ್ಲಿ ಹಾಕಿ ಕುಲುಕು, ಮಂಚದ ಕೆಳಗೆ ಉರುಳಿದರೆ ಮತ್ತೆ ಎಸೆ. ಯಂತ್ರದ ದಾಳವನ್ನು ಕೈಯಲ್ಲಿ ಹಿಡಿದು ನೋಡುವಂತಿಲ್ಲ. ನಂಬಬೇಕು, ಇಲ್ಲವೇ ಬಿಡಬೇಕು. ಮೊದಲು ಪರಸ್ಪರರ ಮೇಲಿದ್ದ ನಂಬಿಕೆ ಇಲ್ಲಿ ಕಾಣದ ತಯಾರಕನ ಮೇಲೆ ಹೋಗಿ ಕೂರುತ್ತದೆ.

ನಮ್ಮ ಹಾವು, ಅವರ ಜಾರುಬಂಡೆ

ಈಗ ನಮ್ಮ ಹಾವು ಏಣಿಯ ಸರದಿ. ಜ್ಞಾನ ಚೌಪಡ, ಪರಮಪದ ಸೋಪಾನ ಪಟ ಎಂಬ ಹೆಸರುಗಳಿಂದ ಭಾರತದ ಬೇರೆ ಬೇರೆ ಭಾಗಗಳಲ್ಲಿ ಈ ಆಟ ಬಹಳ ಹಿಂದಿನಿಂದ ಇದೆ. ಪಟದ ಮನೆಗಳಿಗೆ ಸದ್ಗುಣ, ದುರ್ಗುಣ, ಲೋಕಗಳ ಹೆಸರು. ಒಳ್ಳೆಯ ಗುಣದ ಮನೆಯಲ್ಲಿ ಏಣಿ, ಕೆಟ್ಟ ಗುಣದ ಮನೆಯಲ್ಲಿ ಹಾವಿನ ಬಾಯಿ, ತುದಿಯಲ್ಲಿ ಮೋಕ್ಷ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಇದನ್ನು ಆಡುವ ವಾಡಿಕೆ ದಕ್ಷಿಣ ಭಾರತದ ಹಲವು ಮನೆಗಳಲ್ಲಿದೆ.

19ನೇ ಶತಮಾನದ ಕೊನೆಗೆ ಈ ಆಟ ಇಂಗ್ಲೆಂಡಿಗೆ ಹೋಯಿತು. ಮೋಕ್ಷ ಹೋಗಿ ಮಕ್ಕಳ ನೀತಿಪಾಠ ಉಳಿಯಿತು. 1943ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಅಮೆರಿಕದಲ್ಲಿ ಇದನ್ನು 'ಚ್ಯೂಟ್ಸ್ ಅಂಡ್ ಲ್ಯಾಡರ್ಸ್' ಎಂದು ಹೊರತಂದಾಗ ಹಾವೂ ಹೋಯಿತು. ಅದರ ಜಾಗಕ್ಕೆ ಆಟದ ಮೈದಾನದ ಜಾರುಬಂಡೆ ಬಂತು. 2000ದ ದಶಕದಲ್ಲಿ ನಿಂಟೆಂಡೊದ 'ಗೇಮ್ ಬಾಯ್ ಅಡ್ವಾನ್ಸ್' ಯಂತ್ರಕ್ಕೆ ಎರಡು ಮೂರು ಮಣೆಯಾಟ ಸೇರಿಸಿದ ಕಾರ್ಟ್ರಿಜ್‌ಗಳು ಬಂದವು. ಅವುಗಳಲ್ಲಿ ಒಂದರೊಳಗೆ ಈ ಜಾರುಬಂಡೆಯೂ ಇತ್ತು. ನಮ್ಮ ಪಚ್ಚೀಸಿಯ ಕಥೆಯೂ ಹೀಗೇ. ಇಂಗ್ಲೆಂಡಿನಲ್ಲಿ ಅದು 1896ರಲ್ಲಿ 'ಲೂಡೊ' ಎಂಬ ಪೇಟೆಂಟ್ ಪಡೆಯಿತು. 2016ರಲ್ಲಿ ಮುಂಬಯಿ ಕಡೆಯ ಗೇಮ್‌ಶನ್ ಕಂಪನಿ ಅದನ್ನು 'ಲೂಡೊ ಕಿಂಗ್' ಎಂದು ಮೊಬೈಲಿಗೆ ಇಳಿಸಿತು. 2020ರ ಲಾಕ್‌ಡೌನ್‌ನಲ್ಲಿ ಬೇರೆ ಬೇರೆ ಊರಿನಲ್ಲಿ ಸಿಕ್ಕಿಕೊಂಡಿದ್ದ ಅಣ್ಣತಂಗಿಯರನ್ನು ಒಂದೇ ಪಟದ ಮುಂದೆ ಕೂರಿಸಿದ್ದು ಅದೇ.

ಇದನ್ನು ಅಳಿಸಿಹೋದ ಸಂಸ್ಕೃತಿಯ ಗೋಳೆಂದು ನಾನು ಹೇಳುತ್ತಿಲ್ಲ. ಆಟ ಊರೂರು ಸುತ್ತುವಾಗ ರೂಪ ಬದಲಿಸುವುದು ಸಹಜ. ನಮ್ಮ ಚೌಕಾಬಾರವನ್ನೇ ನೋಡಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುತ್ತಾರೆ ಒಂದು ಮನೆಯವರು. ಹಾಗೇನಿಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಎರಡು ಕಾಯಿ ಸೇರಿ ಗಟ್ಟಿಯಾದರೆ ಅದನ್ನು ಹೊಡೆಯುವುದು ಹೇಗೆಂಬುದಕ್ಕೂ ಒಂದೊಂದು ಕಡೆ ಒಂದೊಂದು ಕಾನೂನು. ಮದುವೆಯಾಗಿ ಬಂದ ಸೊಸೆ ತವರಿನ ಕಾನೂನು ತಂದರೆ, ಅತ್ತೆಯ ಮನೆಯ ಕಾನೂನಿನೊಂದಿಗೆ ರಾಜಿಯಾಗಿ ಮೂರನೆಯದೊಂದು ಹುಟ್ಟುತ್ತದೆ. ಬದಲಾವಣೆ ಹೀಗೆ ಆಡುವವರಿಂದಲೇ ಬರಬೇಕು. ಯಂತ್ರದಲ್ಲಿ ಅದು ಕಂಪನಿಯಿಂದ ಬರುತ್ತದೆ. ನಮಗೆ ಉಳಿಯುವುದು ಗುಂಡಿ ಒತ್ತುವ ಕೆಲಸ.

ಒಬ್ಬಂಟಿಗಳ ಪಾಲಿಗೆ

ಹಾಗಾದರೆ ಕೈಯಂತ್ರ ಬೇಡವೇ? ಹಾಗೆ ಹೇಳುವುದು ಅನ್ಯಾಯ. 'ಕ್ಯಾಂಡಿ ಲ್ಯಾಂಡ್' ಎಂಬ ಪುಟಾಣಿಗಳ ಆಟವನ್ನು 1940ರ ದಶಕದ ಕೊನೆಯಲ್ಲಿ ಎಲಿನರ್ ಅಬಟ್ ಎಂಬ ಶಿಕ್ಷಕಿ ಕಟ್ಟಿದ್ದು ಪೋಲಿಯೊ ವಾರ್ಡಿನಲ್ಲಿ. ಆಕೆಯೂ ರೋಗಿ, ಸುತ್ತಲಿದ್ದ ಮಕ್ಕಳೂ ರೋಗಿಗಳು. ಓದಲು ಬರದಿದ್ದರೂ ಬಣ್ಣ ಗುರುತಿಸಿ ಆಡಬಹುದಾದ ಆಟ ಅದು. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕುಳಿತವನಿಗೆ, ಮಕ್ಕಳೆಲ್ಲ ದೂರ ಹೋದ ಮೇಲೆ ಮನೆಯಲ್ಲಿ ಉಳಿದ ಅಜ್ಜನಿಗೆ ಎದುರಾಳಿ ಎಲ್ಲಿಂದ ಬರಬೇಕು? ಬೇಸರಿಸದೆ ಮತ್ತೆ ಮತ್ತೆ ಆಡುವ ಯಂತ್ರ ಅವರ ಪಾಲಿಗೆ ದೊಡ್ಡ ಉಪಕಾರಿ.

ಯಂತ್ರ ತಯಾರಿಸುವವರಿಗೂ ಈ ಕೊರತೆ ಗೊತ್ತು. ಗೇಮ್ ಬಾಯ್ ಕಾಲದಲ್ಲಿ ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಬೇಕಿತ್ತು. 2004ರ 'ನಿಂಟೆಂಡೊ ಡಿಎಸ್' ತಂತಿಯಿಲ್ಲದೆ, ಎಷ್ಟೋ ಸಲ ಒಂದೇ ಕಾರ್ಡಿನಿಂದ ಹಲವರನ್ನು ಸೇರಿಸಿತು. 2020ರಲ್ಲಿ ನಿಂಟೆಂಡೊ ತನ್ನ 'ಸ್ವಿಚ್' ಯಂತ್ರಕ್ಕೆ 51 ಹಳೆಯ ಆಟಗಳ ಸಂಗ್ರಹ ತಂದಿತು. ಅದರ ಮೊದಲ ಆಟವೇ 'ಮಂಕಾಲ', ನಮ್ಮ ಅಳಗುಳಿಮಣೆಯ ದಾಯಾದಿ. ಲೂಡೊ ಕೂಡ ಅದರಲ್ಲಿದೆ. ಆ ಯಂತ್ರವನ್ನು ಮೇಜಿನ ಮೇಲೆ ಮಲಗಿಸಿ ಇಬ್ಬರು ಎದುರುಬದುರು ಕುಳಿತು ಆಡಬಹುದು. ನೋಡಿ, ನಾಲ್ಕು ದಶಕ ಕಷ್ಟಪಟ್ಟು ಯಂತ್ರ ಕಲಿತದ್ದು ಮತ್ತೆ ಮಣೆಯಂತೆ ಮಲಗುವುದನ್ನು!

ಬಾಳಿಕೆಯ ವಿಷಯವನ್ನೂ ಹೇಳಬೇಕು. ಮೈಕ್ರೋವಿಷನ್ ಯಂತ್ರದ ಪರದೆ ಕಾಲ ಕಳೆದಂತೆ ತಾನಾಗಿ ಕಪ್ಪಾಗುತ್ತದೆ. ಇಂದು ಸರಿಯಾಗಿ ನಡೆಯುವಂಥವು ಅಪರೂಪ. 1935ರ ಮೊನಾಪಲಿ ಪಟವನ್ನು ಮಾತ್ರ ಈಗಲೂ ಬಿಚ್ಚಿ ಹಾಸಿ ಆಡಬಹುದು. ಕಾಯಿ ಕಳೆದಿದ್ದರೆ ಗುಂಡಿಯೋ ಹುಣಸೆ ಬೀಜವೋ ಸಾಕು.

ಒಂದು ಕೋರಿಕೆ

ನಾನು ಹೇಳಹೊರಟದ್ದು ಇಷ್ಟೇ. ಯಂತ್ರ ಪಟವನ್ನು ತೆಗೆದುಕೊಂಡಿತು, ದಾಳವನ್ನು ತೆಗೆದುಕೊಂಡಿತು, ಕಾಲಕ್ರಮದಲ್ಲಿ ಬಣ್ಣವನ್ನೂ ತೆಗೆದುಕೊಂಡಿತು. ಅದು ತೆಗೆದುಕೊಳ್ಳಲಾಗದೆ ಉಳಿದದ್ದು ಒಂದೇ: ನಾಲ್ಕು ಜನ ಸೇರಿ 'ಹೀಗೆ ಆಡೋಣ' ಎಂದು ಒಪ್ಪಿಕೊಳ್ಳುವುದು. ಆರು ವರ್ಷದ ಮಗು 'ಅದು ಮೋಸ' ಎಂದು ವಾದಿಸುವುದು, ಹನ್ನೆರಡರ ಅಕ್ಕ ಕಾರಣ ಕೊಡುವುದು, ಅಜ್ಜಿ ತೀರ್ಪು ಹೇಳುವುದು, ಸೋತವರು ಮುನಿಸಿಕೊಂಡು ಎದ್ದು ಹೋಗಿ ಮತ್ತೆ ಬಂದು ಕೂರುವುದು. ಕಾನೂನು ಮೇಲಿನಿಂದ ಬರುವುದಲ್ಲ, ನಾವೇ ಸೇರಿ ಮಾಡಿ ನಾವೇ ಪಾಲಿಸುವುದು ಎಂಬ ಪಾಠವನ್ನು ಮಗು ಮೊದಲು ಕಲಿಯುವ ಜಾಗಗಳಲ್ಲಿ ಮಣೆಯ ಸುತ್ತಲ ನೆಲವೂ ಒಂದು.

ಈ ಮನೆಕಾನೂನುಗಳಲ್ಲಿ ಎಷ್ಟೋ ಬಲ್ಲವರ ನೆನಪಿನಲ್ಲಿ ಮಾತ್ರ ಇವೆ. ಅವರು ಹೋದರೆ ಅವೂ ಹೋಗುತ್ತವೆ. ಆದ್ದರಿಂದ ಶಿಬಿರದ ಮಕ್ಕಳಿಗೆ ನನ್ನದೊಂದು ಕೋರಿಕೆ. ಶಾಲೆ ಶುರುವಾಗಲು ಇನ್ನೂ ದಿನಗಳಿವೆ. ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆ ಆಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಕವಡೆ ಎಷ್ಟು, ಯಾವ ಗರ ಬಿದ್ದರೆ ಇನ್ನೊಂದು ಆಟ, ಯಾವ ಮನೆ ಕಟ್ಟೆ, ಯಾವಾಗ ಹೊಡೆಯಬಹುದು, ಎಲ್ಲವನ್ನೂ ಬರೆಯಿರಿ. ಬರೆಯುವಾಗ ಜಗಳ ಬಂದೇ ಬರುತ್ತದೆ. ಬಂದರೆ ಗಾಬರಿಯಾಗಬೇಡಿ, ಅಮ್ಮಂದಿರೂ ಗದರಿಸಬೇಡಿ. ಎರಡು ಕಡೆಯ ಕಾನೂನನ್ನೂ ಬರೆದುಕೊಂಡು, ಯಾವುದು ಸರಿಯೆಂದು ತಿಳಿಯಲು ಒಂದು ಆಟ ಆಡಿ ನೋಡಿ.